ಎಂಟರಲ್ಲಿ ಎಂಟನೆಯ ಸ್ಥಾನ

ನಾಚಿಕೆಯಾದಾಗ ಸ್ವೀಡನ್ನಿನವರ ಮುಖ ಕೆಂಪಗಾಗುತ್ತದೆ. ಕತ್ತಿನಿಂದ ಹೊರಟು ಹಣೆಯವರೆಗೆ ಏರುವ ಆ ಕೆಂಪನ್ನು ಕಂಡು ಎದುರಿಗಿದ್ದವರು ಪಾಪ ಎಂದುಕೊಂಡು ಮಾತು ಬದಲಿಸುತ್ತಾರೆ. ನನ್ನ ಬಣ್ಣದವರಿಗೆ ಆ ಅನುಕೂಲವಿಲ್ಲ. ನಮ್ಮ ನಾಚಿಕೆ ಹೊರಗೆ ಕಾಣುವುದಿಲ್ಲ, ಹಾಗಾಗಿ ಯಾರೂ ಮಾತು ಬದಲಿಸುವುದಿಲ್ಲ. ನನಗೆ ಕಿವಿ ಬಿಸಿಯಾಗುತ್ತದೆ, ಅಷ್ಟೆ. ಕಳೆದ ಅಕ್ಟೋಬರಿನಿಂದ ನನ್ನ ಎರಡೂ ಕಿವಿಗಳು ಬಿಸಿಯಾಗಿಯೇ ಇವೆ. ಸುಂಡ್‌ಬೀಬರ್ಯ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಊರಿಗೆ ಊರೇ ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ನಿಂತಿರುವಾಗ ನಾನೊಬ್ಬಳು ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಸೋಲ್ನಾದ ಆಫೀಸಿಗೆ ಹೋಗುವ ರೈಲು ಕಾಯುತ್ತಿರುತ್ತೇನೆ.

ಸುತ್ತಿ ಬಳಸಿ ಹೇಳಿ ಏನೂ ಪ್ರಯೋಜನವಿಲ್ಲ. ನನ್ನ ಹೆತ್ತ ಮಗಳು ಆಡುವ ಬಾಸ್ಕೆಟ್‌ಬಾಲ್ ತಂಡಕ್ಕೆ, ಸೀಸನ್ ಶುರುವಾಗುವ ಮೊದಲೇ, ಎಂಟು ತಂಡಗಳ ಪಟ್ಟಿಯಲ್ಲಿ ಎಂಟನೆಯ ಸ್ಥಾನ ಕೊಟ್ಟವಳು ನಾನು. ಅದೂ ಬೇರೆ ಹೆಸರಿನಲ್ಲಿ, ನಾಲ್ಕು ಜನ ಓದುವ ಜಾಗದಲ್ಲಿ, ತಪ್ಪಿಲ್ಲದ ಸ್ವೀಡಿಷ್‌ನಲ್ಲಿ. ಇಪ್ಪತ್ತೆರಡು ವರ್ಷ ಈ ದೇಶದಲ್ಲಿದ್ದು ನಾನು ತಪ್ಪಿಲ್ಲದೆ ಬರೆದ ಮೊದಲ ಸ್ವೀಡಿಷ್ ಅದೇ ಇರಬೇಕು.

ಮಗಳ ಹೆಸರು ಸಿರಿ. ಸ್ವೀಡನ್ನಿನವರಲ್ಲೂ ಈ ಹೆಸರಿದೆ, ಕರೆಯುವವರಿಗೆ ನಾಲಗೆ ತೊಡರುವುದಿಲ್ಲ ಎಂದು ಲೆಕ್ಕ ಹಾಕಿಯೇ ಇಟ್ಟೆವು. ಅವಳು ಕಾರ್ಲ್‌ಸ್ಟಾಡ್‌ನಲ್ಲಿ ಓದುತ್ತಾಳೆ, ಅಲ್ಲಿಯ ವಿದ್ಯಾರ್ಥಿನಿಯರ ತಂಡದಲ್ಲಿ ಏಳನೇ ನಂಬರಿನ ಅಂಗಿ ಹಾಕಿಕೊಂಡು ಆಡುತ್ತಾಳೆ. ಎಂಟು ಊರುಗಳ ಕಾಲೇಜು ಹುಡುಗಿಯರ ಲೀಗ್ ಅದು. ಅಕ್ಟೋಬರಿನಿಂದ ಮಾರ್ಚಿನವರೆಗೆ ಇವರು ಅವರ ಊರಿಗೆ, ಅವರು ಇವರ ಊರಿಗೆ ಹೋಗಿ ಆಡಿ ಬರುತ್ತಾರೆ. ಟಿವಿಯಲ್ಲಿ ಬರುವುದಿಲ್ಲ, ಪತ್ರಿಕೆಯಲ್ಲಿ ಬರುವುದಿಲ್ಲ. ನೋಡಲು ಬರುವವರು ನಮ್ಮ ಕಡೆಯ ಒಂದು ನಾಮಕರಣಕ್ಕೆ ಬರುವವರಿಗಿಂತ ಕಡಿಮೆ. ಆದರೆ ಆ ಕೆಲವೇ ಮಂದಿ ಅಂತರ್ಜಾಲದಲ್ಲಿ ಒಂದು ಚರ್ಚಾಕೂಟ ಕಟ್ಟಿಕೊಂಡು, ಸೆಪ್ಟೆಂಬರಿನಲ್ಲಿ ಯಾರೂ ಇನ್ನೂ ಚೆಂಡನ್ನು ನೆಲಕ್ಕೆ ತಟ್ಟಿರದಾಗಲೇ, ಈ ಸಲ ಯಾರು ಮೊದಲು ಯಾರು ಕೊನೆ ಎಂದು ಪಟ್ಟಿ ಮಾಡಿ ಜಗಳಕ್ಕೆ ಕೂರುತ್ತಾರೆ. ಸ್ವೀಡನ್ನಿನವರ ಜಗಳ ಎಂದರೆ, “ನನ್ನದು ತಪ್ಪಿರಬಹುದು, ಆದರೂ” ಎಂದು ಶುರುವಾಗಿ “ನಿಮ್ಮ ಅಭಿಪ್ರಾಯವೂ ಕುತೂಹಲಕರ” ಎಂದು ಮುಗಿಯುವಂಥದ್ದು. ಆದರೆ ಆ ಎರಡರ ನಡುವೆ ರಕ್ತ ಹರಿಯುತ್ತದೆ.

ನನಗೆ ಇದು ಹೊಸದಾಗಿ ಕಾಣಲಿಲ್ಲ. ಯುಗಾದಿಯ ದಿನ ನಮ್ಮ ಬೀದಿಯ ದೇವಸ್ಥಾನದಲ್ಲಿ ಪಂಚಾಂಗ ಓದುತ್ತಿದ್ದ ಜೋಯಿಸರೂ ಇದನ್ನೇ ಮಾಡುತ್ತಿದ್ದರು. ಈ ವರ್ಷ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು ಕೊಳಗ ಎಂದು ಬೇವುಬೆಲ್ಲ ಬಾಯಲ್ಲಿರುವಾಗಲೇ ಹೇಳಿ ಮುಗಿಸುತ್ತಿದ್ದರು. ವ್ಯತ್ಯಾಸ ಒಂದೇ. ಜೋಯಿಸರು ಮುಂದಿನ ಯುಗಾದಿಗೆ ಹಳೆಯ ಪಂಚಾಂಗ ತೆರೆದು ಎಷ್ಟು ಸರಿಯಾಯಿತು ಎಂದು ನೋಡಿದ್ದು ನಾನು ಕಾಣೆ. ಈ ಜನ ಮಾರ್ಚಿನಲ್ಲಿ ಪಟ್ಟಿ ತೆಗೆದು ಒಂದೊಂದಾಗಿ ತಾಳೆ ನೋಡುತ್ತಾರೆ. ಹಿಂದಿನ ಮಾರ್ಚಿನಲ್ಲಿ ಹಾಗೆ ನೋಡಿದಾಗ ಎಲ್ಲರಿಗಿಂತ ಹತ್ತಿರ ಬಂದಿದ್ದು ನನ್ನ ಪಟ್ಟಿ. ಅಲ್ಲಿಂದ ನನ್ನ ತಲೆ ತಿರುಗಿತು.

ನಾನೂ ಬೆಂಗಳೂರಿನಲ್ಲಿ ಕಾಲೇಜು ತಂಡದಲ್ಲಿದ್ದವಳೇ. ಇದ್ದೆ ಎಂದರೆ ಬೆಂಚಿನ ಮೇಲಿದ್ದೆ. ಮೂರು ವರ್ಷದಲ್ಲಿ ಅಂಗಳಕ್ಕೆ ಇಳಿದದ್ದು ನಾಲ್ಕು ಸಲ, ಅದರಲ್ಲಿ ಒಂದು ಸಲ ಗ್ಲುಕೋಸ್ ನೀರಿನ ಜಗ್ ಎತ್ತಿಕೊಂಡು. ಆದರೆ ಬೆಂಚಿನಲ್ಲಿ ಕೂತವರಿಗೆ ಆಟ ಚೆನ್ನಾಗಿ ಅರ್ಥವಾಗುತ್ತದೆ, ಬೇರೆ ಕೆಲಸವಿರುವುದಿಲ್ಲವಲ್ಲ. ಆ ವಿದ್ಯೆಯನ್ನು ಮೂವತ್ತು ವರ್ಷದ ಮೇಲೆ ಚರ್ಚಾಕೂಟದಲ್ಲಿ ಖರ್ಚು ಮಾಡತೊಡಗಿದೆ. ಅಲ್ಲಿ ಯಾರೂ ನಿಜವಾದ ಹೆಸರು ಬಳಸುವುದಿಲ್ಲ. ಸೇರಲು ಒಂದು ಹೆಸರು ಕೊಡಿ ಎಂದು ಕೇಳಿದ ದಿನ ನಾನು ಬಾಲ್ಕನಿಯಲ್ಲಿ ಜುಲೈ ಬಿಸಿಲಿಗೆ ಸಂಡಿಗೆ ಹಾಕಿ ಕಾಗೆ ಓಡಿಸುತ್ತಿದ್ದೆ. ‘ಸಂಡಿಗೆ’ ಎಂದೇ ಬರೆದುಕೊಂಡೆ. ಅವರೆಲ್ಲ ನನ್ನನ್ನು ದಕ್ಷಿಣದ ಯಾವುದೋ ಹಳ್ಳಿಯ ನಿವೃತ್ತ ಮೇಷ್ಟರು ಎಂದುಕೊಂಡರು. ನಾನು ತಿದ್ದಲು ಹೋಗಲಿಲ್ಲ. ಗೌರವ ಸಿಗುತ್ತಿದ್ದರೆ ಯಾರು ತಿದ್ದುತ್ತಾರೆ ಹೇಳಿ.

ಹಾಗಿದ್ದರೆ ಮಗಳ ತಂಡಕ್ಕೆ ಎಂಟನೆಯ ಸ್ಥಾನ ಯಾಕೆ ಕೊಟ್ಟೆ? ಲೆಕ್ಕ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನನ್ನ ಪ್ರಾಮಾಣಿಕ ಲೆಕ್ಕದಲ್ಲಿ ಅವರು ಎರಡನೆಯವರು. ಆದರೆ ನಮ್ಮಲ್ಲಿ ಒಂದು ಪದ್ಧತಿ ಇದೆಯಲ್ಲ, ನಿಮಗೆ ಗೊತ್ತು. ನಮ್ಮ ಮಕ್ಕಳನ್ನು ನಾವು ನಾಲ್ಕು ಜನರ ಎದುರು ಹೊಗಳಬಾರದು. ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ ನಮ್ಮಮ್ಮ ಪಕ್ಕದ ಮನೆಯವರಿಗೆ ಹೇಳಿದ್ದು, “ಏನೋಪ್ಪ, ಹೇಗೋ ದಾಟ್ತು.” ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು, ಹೊಸ ಮನೆಗೆ ಬೂದುಗುಂಬಳ, ಹೊಸ ಕಾರಿಗೆ ನಿಂಬೆಹಣ್ಣು ಮೆಣಸಿನಕಾಯಿ. ಹಿಂದೆಲ್ಲ ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೊನೆಗೆ ಉಳಿದ ಮಗುವಿಗೆ ತಿಪ್ಪಯ್ಯ, ಕಲ್ಲವ್ವ ಎಂದು ಹೆಸರಿಡುತ್ತಿದ್ದರು. ತಿಪ್ಪೆಯನ್ನು ಯಮ ಕೂಡ ಎತ್ತಿಕೊಂಡು ಹೋಗಲಾರ ಎಂಬ ಧೈರ್ಯ. ನಾನು ಸಾಫ್ಟ್‌ವೇರ್ ಟೆಸ್ಟ್ ಮಾಡುವವಳು, ಇದನ್ನೆಲ್ಲ ನಂಬುವುದಿಲ್ಲ. ನಂಬುವುದಿಲ್ಲ ಎಂದು ಹೇಳಿ ಎಡಗಾಲಿಗೆ ಕಪ್ಪು ದಾರ ಕಟ್ಟುವವರ ಪೈಕಿ ನಾನು.

ಈ ಚಾಳಿ ನನ್ನನ್ನು ಮೊದಲೇ ಒಮ್ಮೆ ಸಿಕ್ಕಿಸಿತ್ತು. ಸಿರಿ ಡಾಗಿಸ್‌ನಲ್ಲಿದ್ದಾಗ, ಎಂದರೆ ಇಲ್ಲಿಯ ಶಿಶುವಿಹಾರದಲ್ಲಿ, ಅವಳ ಟೀಚರ್ ನಮ್ಮನ್ನು ಕೂರಿಸಿಕೊಂಡು, “ಸಿರಿ ಅದ್ಭುತವಾದ ಮಗು, ಎಲ್ಲರಿಗೂ ಸಹಾಯ ಮಾಡುತ್ತಾಳೆ” ಎಂದರು. ನನ್ನ ಬಾಯಿ ತಾನಾಗಿಯೇ ತೆರೆದುಕೊಂಡು, “ಅಯ್ಯೋ, ಮನೆಯಲ್ಲಿ ಬಹಳ ತಂಟೆ, ಹೇಳಿದ ಮಾತು ಕೇಳುವುದೇ ಇಲ್ಲ” ಎಂದಿತು. ಟೀಚರ್ ಗಂಭೀರವಾಗಿ ಪೆನ್ನು ತೆಗೆದುಕೊಂಡರು. ಮನೆಯಲ್ಲಿ ಏನಾದರೂ ತೊಂದರೆ ಇದೆಯೇ, ಯಾರ ಹತ್ತಿರವಾದರೂ ಮಾತಾಡಬೇಕೇ ಎಂದು ಕೇಳಿದರು. ನಮ್ಮ ಮನೆಯವರು ಅರ್ಧ ಗಂಟೆ ಕೂತು ಭಾರತೀಯ ಸಂಸ್ಕೃತಿಯನ್ನು ವಿವರಿಸಬೇಕಾಯಿತು. ಆಚೆ ಬಂದ ಮೇಲೆ, “ನೀನು ಇನ್ಮೇಲೆ ಬರೀ ಥ್ಯಾಂಕ್ಯೂ ಅನ್ನು ಸಾಕು” ಎಂದರು. ಅದನ್ನು ಕಲಿತಿದ್ದರೆ ಇವತ್ತು ಈ ಪ್ರಬಂಧ ಇರುತ್ತಿರಲಿಲ್ಲ.

ಕಲಿಯದಿರಲು ಕಾರಣವೂ ಇದೆ. ಎರಡು ವರ್ಷದ ಹಿಂದೆ ಸೋಲ್ನಾದಲ್ಲಿ ಕನ್ನಡದವರೆಲ್ಲ ಸೇರಿ ಗಣೇಶನನ್ನು ಕೂರಿಸಿದಾಗ, ಊಟದ ಸಾಲಿನಲ್ಲಿ ನಿಂತು ಮೊದಲ ಬಾರಿಗೆ ಪದ್ಧತಿ ಮುರಿದು, ನನ್ನ ಮಗಳು ಒಂದೇ ಆಟದಲ್ಲಿ ಇಪ್ಪತ್ತು ಪಾಯಿಂಟ್ ಹೊಡೆದಳು ಎಂದು ಹೇಳಿಬಿಟ್ಟೆ. ಮುಂದಿನ ಬುಧವಾರ ಅವಳ ಕಾಲು ಉಳುಕಿತು, ಆರು ವಾರ ಕೂತಳು. ಉಳುಕಿದ್ದು ಒದ್ದೆ ನೆಲದಿಂದ ಎಂದು ಎಲ್ಲರೂ ಹೇಳಿದರು. ನೆಲವನ್ನು ಒದ್ದೆ ಮಾಡಿದವರು ಯಾರು ಎಂದು ನನಗೆ ಮಾತ್ರ ಗೊತ್ತಿತ್ತು.

ಆದ್ದರಿಂದ ಈ ಸಲದ ಪಟ್ಟಿಯಲ್ಲಿ ಅವರನ್ನು ಎಂಟನೆಯ ಸ್ಥಾನಕ್ಕೆ ಇಳಿಸಿ, ಕಾಡಿಗೆ ಬೊಟ್ಟಿಟ್ಟ ನೆಮ್ಮದಿಯಲ್ಲಿ ಕಾಫಿ ಕುಡಿದೆ. ಇಷ್ಟಕ್ಕೇ ನಿಂತಿದ್ದರೆ ಇದು ನಗುವ ವಿಷಯ. ನಿಲ್ಲಲಿಲ್ಲ.

ಆ ಕೂಟದಲ್ಲಿ ‘ಮೂರನೇ ಸಾಲು’ ಎಂಬ ಹೆಸರಿನವರೊಬ್ಬರು ಇದ್ದಾರೆ. ಕಾರ್ಲ್‌ಸ್ಟಾಡ್‌ನವರು, ವಯಸ್ಸಾದವರು, ಎಲ್ಲ ಆಟಕ್ಕೂ ಹೋಗಿ ಮೂರನೇ ಸಾಲಿನಲ್ಲಿ ಕೂರುತ್ತಾರಂತೆ. ಅವರು ಬರೆದರು: “ನನ್ನದು ತಪ್ಪಿರಬಹುದು, ಆದರೂ ಸಂಡಿಗೆಯವರ ಲೆಕ್ಕ ನನಗೆ ಅರ್ಥವಾಗಲಿಲ್ಲ. ಆ ಏಳನೇ ನಂಬರಿನ ಹುಡುಗಿ ಒಬ್ಬಳೇ ಸಾಕು, ಅವರನ್ನು ಮೊದಲ ಮೂರರೊಳಗೆ ತರುತ್ತಾಳೆ. ಈ ಲೀಗಿನಲ್ಲಿ ಅವಳಂಥ ಆಟಗಾರ್ತಿ ಇನ್ನೊಬ್ಬಳಿಲ್ಲ.”

ಓದಿ ನನ್ನ ಕಣ್ಣಲ್ಲಿ ನೀರು ಬಂತು. ಜೊತೆಗೇ ಕೈ ಎಡಗಾಲಿನ ಕಪ್ಪು ದಾರವನ್ನು ಮುಟ್ಟಿ ನೋಡಿತು. ಗುರುತು ಪರಿಚಯವಿಲ್ಲದ ಮನುಷ್ಯ, ಇಷ್ಟು ಜನರ ಎದುರು, ನನ್ನ ಮಗಳನ್ನು ಹೀಗೆ ಹೊಗಳಿಬಿಟ್ಟರು. ಈ ದೃಷ್ಟಿಯನ್ನು ಈಗಲೇ, ಇಲ್ಲೇ ತೆಗೆಯಬೇಕು. ಅದರ ಮೇಲೆ ವಾದದಲ್ಲಿ ನನ್ನ ಮಾತು ಬಿದ್ದುಹೋಗುತ್ತಿದೆ, ಅದೂ ಕಳೆದ ವರ್ಷ ಎಲ್ಲರಿಗಿಂತ ಸರಿಯಾಗಿ ಹೇಳಿದವಳ ಮಾತು. ಎರಡರಲ್ಲಿ ಯಾವುದು ಹೆಚ್ಚು ಎಂದು ಇವತ್ತು ಕೇಳಿದರೆ, ಅರ್ಧ ದೃಷ್ಟಿ, ಅರ್ಧ ಗೆಲ್ಲುವ ಚಪಲ ಎನ್ನುತ್ತೇನೆ. ಅರ್ಧಕ್ಕಿಂತ ಜಾಸ್ತಿಯೇ ಚಪಲವಿದ್ದೀತು.

ನಾನು ಬರೆದೆ: “ಏಳನೇ ನಂಬರ್ ಚೆನ್ನಾಗಿಯೇ ಆಡುತ್ತಾಳೆ. ಆದರೆ ಕೊನೆಯ ಎರಡು ನಿಮಿಷದಲ್ಲಿ ಅವಳಿಗೇ ಚೆಂಡು ಬೇಕಾಗಿರುವುದಿಲ್ಲ. ಗಮನಿಸಿ ನೋಡಿ.”

ಹನ್ನೊಂದು ಜನ ಹೆಬ್ಬೆರಳು ಎತ್ತಿದರು. ಎಂಥ ಸೂಕ್ಷ್ಮ ಗಮನ ಎಂದು ಒಬ್ಬರು ಬರೆದರು. ಮೂರನೇ ಸಾಲು ಸುಮ್ಮನಾದರು. ನಾನು ಗೆದ್ದೆ.

ಆದರೆ ಅದು ನಾನು ಗಮನಿಸಿದ್ದಲ್ಲ. ಆಗಸ್ಟ್‌ನಲ್ಲಿ ರಜೆಗೆ ಬಂದಿದ್ದ ಸಿರಿ ಅಡುಗೆಮನೆಯ ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಕೂತು ಮೊಸರನ್ನ ತಿನ್ನುತ್ತಾ ಹೇಳಿದ್ದು. “ಅಮ್ಮ, ಲಾಸ್ಟ್ ಎರಡು ಮಿನಿಟ್ಸ್ ಇರುತ್ತಲ್ಲ, ಆಗ ಬಾಲ್ ನನ್ ಹತ್ರ ಬರದೇ ಇದ್ರೆ ಸಾಕು ಅನ್ಸುತ್ತೆ. ಯಾರಿಗೂ ಹೇಳಿಲ್ಲ.” ನಾನು, “ಹಾಗೆಲ್ಲ ಅನ್ಕೋಬಾರದು ಪುಟ್ಟಿ” ಎಂದು ಇನ್ನೊಂದು ಹೋಳು ಉಪ್ಪಿನಕಾಯಿ ಬಡಿಸಿದ್ದೆ. ಬರೆಯುವಾಗ ಇದು ನೆನಪಿರಲಿಲ್ಲವೇ ಎಂದು ನೀವು ಕೇಳಬೇಕು. ನೆನಪಿತ್ತು. ನೆನಪಿದ್ದದ್ದಕ್ಕೇ ಬರೆದೆ. ನನ್ನ ಬಳಿ ಇದ್ದ ಅತ್ಯುತ್ತಮ ಸಾಕ್ಷ್ಯ ಅದೇ ಆಗಿತ್ತು. ಇದನ್ನು ಬರೆಯುವಾಗ ಕಿವಿಯ ಬಿಸಿ ಕೆನ್ನೆಗೂ ಇಳಿಯುತ್ತಿದೆ.

ಅಕ್ಟೋಬರಿನಲ್ಲಿ ಅವರ ಊರಲ್ಲೇ ಮೊದಲ ಆಟ. ಪುಳಿಯೋಗರೆ ಕಲಸಿ, ಒಂದು ದೊಡ್ಡ ಡಬ್ಬಿ ತುಂಬ ಸಂಡಿಗೆ ಕರಿದುಕೊಂಡು ಕಾರ್ಲ್‌ಸ್ಟಾಡ್‌ಗೆ ರೈಲು ಹತ್ತಿದೆ. ಅವಳ ತಂಡದ ಹುಡುಗಿಯರಿಗೆ ಸಂಡಿಗೆ ಎಂದರೆ ಪ್ರಾಣ. ಅವರು ಅದನ್ನು ಇಂಡಿಯನ್ ಚಿಪ್ಸ್ ಎನ್ನುತ್ತಾರೆ. ಅವರಿಗೆ ಸರಿಯಾದ ಹೆಸರು ಕಲಿಸಬೇಕು ಎಂದು ನಾನು ಸಿರಿಗೆ ಎಷ್ಟೋ ಸಲ ಹೇಳಿದ್ದೆ. ಪುಣ್ಯಕ್ಕೆ ಅವಳು ನನ್ನ ಮಾತು ಕೇಳಿರಲಿಲ್ಲ.

ಡಬ್ಬಿ ಕೊಡಲು ಅವರು ಬಟ್ಟೆ ಬದಲಿಸುವ ಕೋಣೆಯ ಹತ್ತಿರ ಹೋದೆ. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ ಒಂದು ಹಾಳೆ ಅಂಟಿಸಿತ್ತು. ಹುಡುಗಿಯರಿಗೆ ಛಲ ಬರಲಿ ಎಂದು ಕೋಚ್ ಅಂಟಿಸಿದ್ದು. ಎಂಟನೆಯ ಸ್ಥಾನ ಎಂದು ಮೇಲೆ, ಕೊನೆಯ ಎರಡು ನಿಮಿಷದ ನನ್ನ ವಾಕ್ಯ ಕೆಳಗೆ, ಅದರ ಕೆಳಗೆ ಬರೆದವರ ಹೆಸರು: ಸಂಡಿಗೆ. ಯಾರೋ ಕೆಂಪು ಪೆನ್ನಿನಲ್ಲಿ ‘ನೋಡೇಬಿಡೋಣ’ ಎಂದು ಸ್ವೀಡಿಷ್‌ನಲ್ಲಿ ಗೀಚಿದ್ದರು. ನಾನು ಸಂಡಿಗೆ ಡಬ್ಬಿ ಹಿಡಿದುಕೊಂಡು ಸಂಡಿಗೆಯ ಎದುರು ನಿಂತಿದ್ದೆ.

ಬಾಗಿಲು ತೆರೆದು ಸಿರಿ ಬಂದಳು. ಹಾಳೆಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಆಮೇಲೆ ನನ್ನನ್ನು. “ಥ್ಯಾಂಕ್ಸ್ ಅಮ್ಮ” ಎಂದು ಡಬ್ಬಿ ತೆಗೆದುಕೊಂಡು ಒಳಗೆ ಹೋದಳು.

ಆಟದ ವಿವರ ಬೇಡ. ಕೊನೆಯ ಇಪ್ಪತ್ತು ಸೆಕೆಂಡು ಉಳಿದಾಗ ನಮ್ಮವರು ಒಂದು ಪಾಯಿಂಟ್ ಹಿಂದಿದ್ದರು. ಆಗ ಎದುರಾಳಿಗಳು ಒಂದು ವಿಚಿತ್ರ ಮಾಡಿದರು. ಅಲ್ಲಿಯವರೆಗೆ ಸಿರಿಯ ಬೆನ್ನು ಬಿಡದ ಹುಡುಗಿ ಅವಳನ್ನು ಬಿಟ್ಟು ಬೇರೆಯವಳನ್ನು ತಡೆಯಲು ಓಡಿದಳು. ಬಲಬದಿಯಲ್ಲಿ ನನ್ನ ಮಗಳು ಒಬ್ಬಳೇ ನಿಂತಿದ್ದಳು, ಸುತ್ತ ಯಾರೂ ಇಲ್ಲ. ಯಾಕೆ ಎಂದು ಆ ಹಾಲ್‌ನಲ್ಲಿದ್ದ ಉಳಿದವರಿಗೆ ಅರ್ಥವಾಗಿರಲಿಕ್ಕಿಲ್ಲ. ನನಗೆ ಅರ್ಥವಾಯಿತು. ಚರ್ಚಾಕೂಟವನ್ನು ಎಂಟೂ ಊರಿನವರು ಓದುತ್ತಾರೆ.

ಚೆಂಡು ಅವಳಿಗೆ ಬಂತು. ಎಸೆದಳು. ಅದು ರಿಂಗಿನ ಅಂಚಿನ ಮೇಲೆ ಒಂದು ಸುತ್ತು ಹಾಕಿ ಹೊರಗೆ ಬಿತ್ತು. ಆಟ ಮುಗಿದ ಸೈರನ್ ಆಯಿತು.

ನಮ್ಮ ಸಿರಿಗೆ ಸಿಟ್ಟು ಬಂದರೆ ಸ್ವೀಡಿಷ್, ವಾದಕ್ಕೆ ಇಂಗ್ಲಿಷ್, ಹಸಿವಿಗೆ ಮಾತ್ರ ಕನ್ನಡ. ಹೊರಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಅವಳು ಕನ್ನಡದಲ್ಲೇ ಮಾತಾಡಿದಳು. ಒಂದು ಅಕ್ಷರವೂ ನನಗೆ ತಪ್ಪಿಹೋಗಬಾರದು ಎಂಬ ಹಾಗೆ. ನನಗೆ ಭಯವಾಗಿದ್ದೇ ಅದಕ್ಕೆ.

“ಹೆಸರು ನೋಡೋಕ್ ಮುಂಚೇನೇ ಗೊತ್ತಾಯ್ತು ಅಮ್ಮ. ಆ ಮಾತು ನಾನು ಒಬ್ರಿಗೇ ಹೇಳಿದ್ದು.”

“ದೃಷ್ಟಿ ಆಗ್ಬಾರ್ದು ಅಂತ ಕಣೇ. ಅವರು ನಿನ್ನ ಅಷ್ಟು ಹೊಗಳಿದ್ರು...”

“ದೃಷ್ಟಿಬೊಟ್ಟು ಕಾಡಿಗೇಲಿ ಇಡ್ತಾರಲ್ವಾ? ನೀನು ನನ್ ಮಾತಲ್ಲೇ ಇಟ್ಟೆ.”

ನಾನು ಪಕ್ಕದಲ್ಲಿದ್ದ ಯಾರದೋ ಸೈಕಲ್ಲಿನ ಸೀಟನ್ನು ಕೈಯಿಂದ ಒರೆಸಿದೆ.

“ಅವ್ರು ನನ್ನ ಬಿಟ್ಟೇಬಿಟ್ರು, ನೋಡಿದ್ಯಲ್ಲ” ಎಂದಳು. ಆಮೇಲೆ ಚೀಲದಿಂದ ಡಬ್ಬಿ ತೆಗೆದು ಕೊಟ್ಟಳು. ತೊಳೆದಿದ್ದಳು. ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು ಎಂದು ಚಿಕ್ಕಂದಿನಲ್ಲಿ ನಾನು ಹೇಳಿಕೊಟ್ಟ ಮೇಲೆ ಅವಳು ಯಾವಾಗಲೂ ಅದರಲ್ಲಿ ಒಂದೆರಡು ಚಾಕಲೇಟ್ ಹಾಕಿ ಕೊಡುತ್ತಿದ್ದಳು. ಅವತ್ತು ಡಬ್ಬಿ ಖಾಲಿ ಇತ್ತು. ವಾಪಸ್ ಬರುವಾಗ ರೈಲಿನಲ್ಲಿ ಎರಡು ಸಲ ಮುಚ್ಚಳ ತೆಗೆದು ನೋಡಿದೆ.

ಕೂಟದಲ್ಲೇ ಕ್ಷಮಾಪಣೆ ಬರೆಯೋಣ ಎಂದು ಫೋನ್ ತೆಗೆದೆ. ‘ನಾನು ಏಳನೇ ನಂಬರಿನ ತಾಯಿ’ ಎಂದು ಶುರು ಮಾಡಿದಾಗ ಹೊಳೆಯಿತು, ತಾಯಿಯೇ ಹೇಳಿದ್ದಾಳೆ ಎಂದರೆ ಆ ಮಾತು ಸಾಬೀತಾದಂತೆಯೇ. ಸುಳ್ಳು ಹೇಳಿದ್ದರೆ ತಪ್ಪಾಯಿತು ಎನ್ನಬಹುದಿತ್ತು. ನಾನು ಹೇಳಿದ್ದು ನಿಜ, ಅದಕ್ಕೆ ತಿದ್ದುಪಡಿ ಇಲ್ಲ. ಸಿರಿಯನ್ನೇ ಕೇಳಿದೆ. ಉತ್ತರ ಮಾರನೆಯ ದಿನ ಬಂತು: “ಏನೂ ಬರೀಬೇಡ ಅಮ್ಮ. ನೀನು ಬರೆಯೋದೇ ಪ್ರಾಬ್ಲಂ.” ಆಮೇಲೆ ಎಷ್ಟೋ ವಾರ ಅವಳ ಸಂದೇಶಗಳೆಲ್ಲ ಒಂದೆರಡು ಅಕ್ಷರದವು. ಊಟ ಆಯ್ತಾ ಎಂದರೆ ‘ಹ್ಞೂಂ’. ಚಳಿ ಜಾಸ್ತಿನಾ ಎಂದರೆ ‘ಓಕೆ’. ಸಂಡಿಗೆ ಎಂಬ ಮೇಷ್ಟರು ಆ ಕೂಟದಲ್ಲಿ ಮತ್ತೆ ಬಾಯಿ ಬಿಡಲಿಲ್ಲ.

ಜನವರಿಯಲ್ಲಿ ಇನ್ನೊಂದು ಆಟಕ್ಕೆ ಹೋದೆ, ಬರಬೇಡ ಎಂದು ಅವಳು ಹೇಳಿರಲಿಲ್ಲ ಎಂಬ ಒಂದೇ ಧೈರ್ಯದಲ್ಲಿ. ಮೂರನೇ ಸಾಲಿನಲ್ಲಿ ಬಿಳಿ ಕೂದಲಿನ ಮನುಷ್ಯರೊಬ್ಬರು ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಕೂತೆ. ಅವರು ಮುಚ್ಚಳದಲ್ಲಿ ಕಾಫಿ ಬಗ್ಗಿಸಿ ಕೊಟ್ಟು, ಯಾರ ಕಡೆಯವರು ಎಂದು ಕೇಳಿದರು. ಏಳನೇ ನಂಬರಿನ ತಾಯಿ ಎಂದೆ. ಅವರ ಮುಖ ಅರಳಿತು. ಹೊಗಳಿದರು. ಈ ಸಲ ನಾನು, “ಥ್ಯಾಂಕ್ಯೂ” ಎಂದೆ, ಅಷ್ಟೇ ಎಂದೆ. ಅದು ಗಂಟಲಿನಿಂದ ಹೊರಬರಲು ಎಷ್ಟು ಕಷ್ಟವಾಯಿತು ಎಂದು ನಿಮಗೆ ಹೇಳಲಾರೆ.

“ನಮ್ಮ ಕೂಟದಲ್ಲಿ ಸಂಡಿಗೆ ಎಂಬ ಮನುಷ್ಯ ಒಬ್ಬನಿದ್ದ” ಎಂದರು ಅವರು. “ಬುದ್ಧಿವಂತ. ಈಗ ಕಾಣುವುದೇ ಇಲ್ಲ. ನಿಮ್ಮ ಮಗಳ ವಿಷಯದಲ್ಲಿ ಮಾತ್ರ ಅನ್ಯಾಯ ಮಾಡಿದ.”

“ಹೌದು” ಎಂದೆ. “ಅನ್ಯಾಯ ಮಾಡಿದ.”

ಕೊನೆಯ ಎರಡು ನಿಮಿಷ ಬಂದಾಗ ಸಿರಿ ಎರಡೂ ಕೈ ಎತ್ತಿ, ನನಗೆ ಕೊಡಿ ಎಂದು ಹಾಲ್ ತುಂಬ ಕೇಳುವ ಹಾಗೆ ಕೂಗಿ ಚೆಂಡು ಕೇಳಿದಳು. ಕೊಟ್ಟರು. ಒಳಗೆ ಬಿತ್ತೋ ಇಲ್ಲವೋ ಎಂದು ನಾನು ಹೇಳುವುದಿಲ್ಲ. ಅವಳ ಕೊನೆಯ ಎರಡು ನಿಮಿಷದ ಬಗ್ಗೆ ಇನ್ನು ನಾನು ಎಲ್ಲೂ ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಹಾಗಿದ್ದರೆ ಇದು ಏನು ಎಂದು ಕೇಳುತ್ತೀರಿ. ಇದಕ್ಕೆ ಅವಳ ಒಪ್ಪಿಗೆ ಇದೆ. ಕನ್ನಡದಲ್ಲಿ ಬರೆಯುತ್ತೇನೆ ಎಂದಾಗ ಸ್ವಲ್ಪ ಯೋಚಿಸಿ, “ಬರಿ. ಆದ್ರೆ ಫಸ್ಟ್ ನನಗೆ ಓದು” ಎಂದಳು. ಅವಳಿಗೆ ಕನ್ನಡ ಅಕ್ಷರ ಬರುವುದಿಲ್ಲ, ಅದೂ ನನ್ನದೇ ಸೋಮಾರಿತನ. ಕಳೆದ ಭಾನುವಾರ ಮಧ್ಯಾಹ್ನ ಇಲ್ಲಿಯವರೆಗೆ ಫೋನಿನಲ್ಲಿ ಓದಿದೆ. ಅವಳು ನಡುವೆ ಒಂದೇ ಒಂದು ಸಲ ತಡೆದು, ಅಕ್ಟೋಬರಿನ ಆ ಮೊದಲ ಆಟದಲ್ಲಿ ಚೆಂಡು ತಾನಾಗಿ ಬರಲಿಲ್ಲ, ಆಗಲೂ ಅವಳೇ ಕೇಳಿ ತೆಗೆದುಕೊಂಡದ್ದು ಎಂದು ತಿದ್ದಿದಳು. ದೂರದಲ್ಲಿ ಕೂತಿದ್ದ ನನಗೆ ಅದು ಕೇಳಿಸಿರಲಿಲ್ಲ. ಓದಿ ಮುಗಿದದ್ದೇ ಫೋನ್ ಇಟ್ಟಳು.

ಹತ್ತು ನಿಮಿಷದ ನಂತರ ನಾವು ಮೂವರೇ ಇರುವ ಮನೆಯ ಗುಂಪಿಗೆ ಒಂದು ಪಟ್ಟಿ ಬಂತು. ಮೇಲೆ ‘ನಮ್ಮನೆ, ಮುಂದಿನ ಸೀಸನ್’ ಎಂದಿತ್ತು. ಒಂದು, ಅಪ್ಪ. ಎರಡು, ಅಪ್ಪ ಮಾಡುವ ಮ್ಯಾಗಿ. ಮೂರು, ಪ್ರೆಷರ್ ಕುಕ್ಕರ್. ನಾಲ್ಕು, ಬಾಲ್ಕನಿಯ ಕಾಗೆ. ಹೀಗೆ ಇಳಿಯುತ್ತಾ ಹೋಗಿ, ಏಳು, ಹಾಲ್‌ನ ಮುರಿದ ದೀಪ. ಎಂಟು, ಅಮ್ಮ. ಕಾರಣ: ಕೊನೆಯ ಎರಡು ನಿಮಿಷದಲ್ಲಿ ಬಾಯಿ ನಿಲ್ಲುವುದಿಲ್ಲ. ನಮ್ಮ ಮನೆಯವರು ತಕ್ಷಣ ಹೆಬ್ಬೆರಳು ಎತ್ತಿದರು.

ನಾನು ಅದನ್ನು ಎಷ್ಟು ಸಲ ಓದಿದೆನೋ. ಸಿಟ್ಟು ಇನ್ನೂ ಇಳಿದಿಲ್ಲ ಎಂದು ಇದರ ಅರ್ಥವೋ, ಅಥವಾ ಪ್ರೀತಿಯವರನ್ನು ಪಟ್ಟಿಯ ಕೆಳಗೆ ಬಚ್ಚಿಡುವ ನಮ್ಮ ಪದ್ಧತಿ ಅವಳಿಗೂ ಬಂತೋ, ಗೊತ್ತಾಗಲಿಲ್ಲ. ಕೇಳಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಎಂಟರಲ್ಲಿ ಎಂಟನೆಯವಳು. ಆದರೂ ಪಟ್ಟಿಯಲ್ಲಿ ಇದ್ದೇನೆ.

ಮಾರನೆಯ ದಿನ ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಎಷ್ಟೋ ತಿಂಗಳ ಮೇಲೆ ಒಂದು ಕಿವಿಗೆ ಚಳಿಯಾಯಿತು. ಟೋಪಿಯನ್ನು ಆ ಒಂದು ಕಿವಿಯ ಮೇಲೆ ಎಳೆದುಕೊಂಡೆ. ಇನ್ನೊಂದನ್ನು ಹಾಗೇ ಬಿಟ್ಟಿದ್ದೇನೆ, ಅದು ಇನ್ನೂ ಬಿಸಿಯಿದೆ.